ನಮ್ಮ ಮನೆಯಿಂದ ಸಿಗಡಿ ಒಯ್ದವರಿಗೆ ಒಂದು ಬಹಿರಂಗ ಪತ್ರ

ಪ್ರಿಯ ನೆರೆಹೊರೆಯವರೇ,

ಕಳೆದ ತಿಂಗಳು ನಮ್ಮ ಮನೆಯ ಗಾಜಿನ ತೊಟ್ಟಿಯಿಂದ ಹನ್ನೊಂದು ಮನೆಗಳಿಗೆ ಕೆಂಪು ಚೆರ್ರಿ ಸಿಗಡಿ ಹೋಯಿತು. ಮನೆಗೆ ಹತ್ತರ ಲೆಕ್ಕ. ಉಪ್ಪಿನಕಾಯಿ ಬಾಟಲಿ ಬಂತು, ಹಾರ್ಲಿಕ್ಸ್ ಬಾಟಲಿ ಬಂತು, ಕೊನೆಗೆ ಒಂದು ಟಿಫಿನ್ ಕ್ಯಾರಿಯರೂ ಬಂತು. ಕೊಡುವ ಮುಂಚೆ ಪ್ರತಿಯೊಬ್ಬರನ್ನೂ ಕೇಳಿದ್ದೆ, ಟ್ಯಾಂಕಿಗೆ ನೀರು ತುಂಬಿ ಎಷ್ಟು ದಿನ ಆಯಿತು ಅಂತ. ಎಲ್ಲರೂ ಒಂದೇ ಬಾಯಲ್ಲಿ "ಒಂದು ತಿಂಗಳು ಆಯ್ತು ಅಂಕಲ್" ಅಂದಿರಿ. ಮೂರನೇ ದಿನದಿಂದ ನಿಜ ಹೊರಬರತೊಡಗಿತು. ಲಿಫ್ಟಿನಲ್ಲಿ, ತರಕಾರಿ ಗಾಡಿಯ ಪಕ್ಕ, ಬೆಳಗಿನ ವಾಕಿಂಗಿನಲ್ಲಿ ನನ್ನನ್ನು ನಿಲ್ಲಿಸಿ ನೀವು ಕೇಳಿದ್ದು ಒಂದೇ ಪ್ರಶ್ನೆ: "ನೀರು ಬೆಳ್ಳಗಾಗಿದೆ, ಏನು ಹಾಕಲಿ?"

ಏನೂ ಹಾಕಬೇಡಿ.

ಇದನ್ನು ಒಬ್ಬೊಬ್ಬರಿಗೂ ಬಿಡಿಸಿ ಹೇಳಿ ಗಂಟಲು ಒಣಗಿತು. ಅದರ ಮೇಲೆ, ಒಬ್ಬರು ನೀರು ತಿಳಿಯಾಗಲಿ ಎಂದು ಪಟಿಕ ಹಾಕಿದ್ದಾರೆ, ಇನ್ನೊಬ್ಬರು ಹಿತ್ತಾಳೆ ಪಾತ್ರೆ ಉಜ್ಜಿದ ಹಾಗೆ ಕಲ್ಲುಗಳನ್ನೆಲ್ಲ ಉಜ್ಜಿ ತೊಳೆದಿದ್ದಾರೆ ಎಂಬ ಸುದ್ದಿ ಬಂತು. ಹಾಗಾಗಿ ಈ ಪತ್ರ. ನಮ್ಮ ಬಡಾವಣೆಯವರಲ್ಲದೆ, ಅಂಗಡಿಯಲ್ಲಿ ಪ್ಲಾಸ್ಟಿಕ್ ಚೀಲ ಹಿಡಿದುಕೊಂಡು ಇದೇ ಮೊದಲ ಸಲ ಸಿಗಡಿ ಮನೆಗೆ ತರುತ್ತಿರುವ ಎಲ್ಲರೂ ಓದಬಹುದು.

ಮೊದಲು ನನ್ನ ತಪ್ಪೊಪ್ಪಿಗೆ. ಯಾಕೆಂದರೆ ನೀವು ಈಗ ಮಾಡುತ್ತಿರುವುದನ್ನೆಲ್ಲ ನಾನು ನಿಮಗಿಂತ ಅಚ್ಚುಕಟ್ಟಾಗಿ ಮಾಡಿ ಮುಗಿಸಿದವನು. 2019ರ ದೀಪಾವಳಿ, ನೀರು ತುಂಬುವ ಹಬ್ಬದ ಸಂಜೆ. ಮನೆಯವಳು ಬಚ್ಚಲ ಹಂಡೆಗೆ ಹುಣಸೆಹಣ್ಣು ತಿಕ್ಕುತ್ತಿದ್ದಳು. ನಾನೂ ಸುಮ್ಮನೆ ಕೂತಿರುವುದು ಹೇಗೆ? ತೊಟ್ಟಿಯ ಗಾಜಿನ ಮೇಲೆ ತೆಳುವಾಗಿ ಹಸಿರು ಹಿಡಿದಿತ್ತು, ಕಲ್ಲುಗಳ ಸಂದಿಯಲ್ಲಿ ಕಂದು ಬಣ್ಣದ ಕೊಳೆ. ಮೂವತ್ತು ಸಿಗಡಿಗಳನ್ನು ಬಕೆಟಿಗೆ ಹಾಕಿದೆ. ಕಲ್ಲುಗಳನ್ನು ನಲ್ಲಿಯ ಕೆಳಗೆ ಹಿಡಿದು ಅಕ್ಕಿ ತೊಳೆದಂತೆ ಏಳು ನೀರು ತೊಳೆದೆ. ಫಿಲ್ಟರಿನ ಸ್ಪಂಜನ್ನು ನಲ್ಲಿಯ ನೀರಿನಲ್ಲೇ ಹಿಂಡಿದೆ. ಕಾಫಿ ಡಿಕಾಕ್ಷನ್ನಿನಂಥ ನೀರು ಇಳಿಯಿತು, ಇನ್ನೂ ಹಿಂಡಿದೆ, ಬೆಳ್ಳಗಾಗುವ ತನಕ. ಗಾಜು ಒರೆಸಿದೆ. ಸಂಪಿನ ಹೊಸ ನೀರು ತುಂಬಿದೆ. ರಾತ್ರಿ ದೀಪ ಹಚ್ಚಿದ ಮೇಲೆ ನೋಡಿದರೆ ಗಾಜೂ ಇಲ್ಲ, ನೀರೂ ಇಲ್ಲ, ಸಿಗಡಿಗಳು ಗಾಳಿಯಲ್ಲಿ ತೇಲುತ್ತಿವೆ ಎನ್ನುವಂತಿತ್ತು. ಮೊಬೈಲಿನಲ್ಲಿ ಫೋಟೋ ತೆಗೆದು ನೆಂಟರಿಗೆಲ್ಲ ಕಳಿಸಿದೆ.

ಬೆಳಗಿನ ಜಾವ ಎಣ್ಣೆ ಹಚ್ಚಿಸಿಕೊಂಡು ಅಭ್ಯಂಜನಕ್ಕೆ ಕಾಯುತ್ತಾ ತೊಟ್ಟಿಯ ಹತ್ತಿರ ಹೋದೆ. ತಳದಲ್ಲಿ ಗುಲಾಬಿ ಬಣ್ಣದ ಚುಕ್ಕೆಗಳು. ಸತ್ತ ಸಿಗಡಿ ತನ್ನ ಪಾರದರ್ಶಕತೆ ಕಳೆದುಕೊಂಡು ಬೇಯಿಸಿದ ಬಣ್ಣಕ್ಕೆ ತಿರುಗುತ್ತದೆ. ಮಧ್ಯಾಹ್ನದ ಹೊತ್ತಿಗೆ ಎಣಿಸಿದೆ, ಇಪ್ಪತ್ತಮೂರು. ನೀರು ಮಾತ್ರ ಹಾಗೇ ಸ್ಫಟಿಕದ ಹಾಗೆ ಹೊಳೆಯುತ್ತಿತ್ತು.

ನಾನು ತೊಳೆದು ಚರಂಡಿಗೆ ಬಿಟ್ಟ ಆ ಕಂದು ಕೊಳೆಯಲ್ಲಿ ತೊಟ್ಟಿಯ ಜೀವ ಇತ್ತು. ಸಿಗಡಿ ಉಸಿರಾಡುವಾಗ ಅಮೋನಿಯ ಬಿಡುತ್ತದೆ, ಅದರ ಹಿಕ್ಕೆ ಕೊಳೆತರೆ ಅಮೋನಿಯ, ನೀವು ಹಾಕಿ ಅದು ತಿನ್ನದೆ ಬಿಟ್ಟ ಆಹಾರ ಕೊಳೆತರೂ ಅಮೋನಿಯ. ಈ ಅಮೋನಿಯಕ್ಕೆ ಬಣ್ಣವಿಲ್ಲ. ತೊಟ್ಟಿಯಲ್ಲಿ ಸಿಗಡಿಗಳನ್ನು ಕೊಲ್ಲುವಷ್ಟಿದ್ದರೂ ನಮ್ಮ ಮೂಗಿಗೆ ತಿಳಿಯುವುದಿಲ್ಲ. ಅದನ್ನು ಒಂದು ಜಾತಿಯ ಬ್ಯಾಕ್ಟೀರಿಯ ನೈಟ್ರೈಟ್ ಮಾಡುತ್ತದೆ, ಅದೂ ವಿಷವೇ. ಇನ್ನೊಂದು ಜಾತಿಯದು ನೈಟ್ರೈಟನ್ನು ನೈಟ್ರೇಟ್ ಮಾಡುತ್ತದೆ. ನೈಟ್ರೇಟ್ ಒಂದು ಮಟ್ಟದ ತನಕ ಸಹಿಸುವಂಥದ್ದು, ಗಿಡಗಳೂ ಅದನ್ನು ಹೀರಿಕೊಳ್ಳುತ್ತವೆ. ಈ ಬ್ಯಾಕ್ಟೀರಿಯ ನೀರಿನಲ್ಲಿ ತೇಲಾಡಿಕೊಂಡಿರುವುದು ಕಡಿಮೆ. ಸ್ಪಂಜಿನ ರಂಧ್ರಗಳಲ್ಲಿ, ಕಲ್ಲಿನ ಮೈಮೇಲೆ, ಗಾಜಿನ ಲೋಳೆಯಲ್ಲಿ ಅಂಟಿಕೊಂಡಿರುತ್ತದೆ. ನಾನು ಕ್ಲೋರಿನ್ ಇರುವ ನಲ್ಲಿ ನೀರಿನಲ್ಲಿ ಅದನ್ನೇ ಹಿಂಡಿ ತೆಗೆದಿದ್ದೆ.

ಹೆಂಗಸರಿಗೆ ಇದನ್ನು ಒಂದೇ ಮಾತಿನಲ್ಲಿ ಹೇಳಬಹುದು, ಗಂಡಸರಿಗೆ ಸ್ವಲ್ಪ ಹೊತ್ತು ಹಿಡಿಯುತ್ತದೆ: ಇದು ಹೆಪ್ಪು. ಹಾಲಿಗೆ ಹೆಪ್ಪು ಹಾಕಿದ ಮೇಲೆ ಗಳಿಗೆಗೊಮ್ಮೆ ಮುಚ್ಚಳ ತೆಗೆದು ಕಲಕುತ್ತೀರಾ? ಹಾಲು ಮೊಸರಾಗಲು ಒಂದು ರಾತ್ರಿ ಸಾಕು. ಹೊಸ ತೊಟ್ಟಿ ಹೆಪ್ಪುಗಟ್ಟಲು ನಾಲ್ಕರಿಂದ ಆರು ವಾರ ಬೇಕು. ಆ ದಿನಗಳಲ್ಲಿ ಸಿಗಡಿ ಬೇಡ. ಸ್ಪಂಜ್ ಫಿಲ್ಟರ್ ಓಡುತ್ತಿರಲಿ, ಒಂದಿಷ್ಟು ಜಾವಾ ಪಾಚಿ ಇರಲಿ, ಚಿಟಿಕೆ ಮೀನಿನ ಆಹಾರ ಹಾಕಿ ಕೊಳೆಯಲು ಬಿಡಿ. ಅಮೋನಿಯ ಏರಿ ಇಳಿಯಬೇಕು, ಆಮೇಲೆ ನೈಟ್ರೈಟ್ ಏರಿ ಇಳಿಯಬೇಕು. ಎರಡೂ ಸೊನ್ನೆಗೆ ಬಂದು ಒಂದು ವಾರ ಸೊನ್ನೆಯಲ್ಲೇ ನಿಂತರೆ ತೊಟ್ಟಿ ಸಿದ್ಧ. ಪರೀಕ್ಷೆಯ ಕಿಟ್ ತುಟ್ಟಿ ಅನ್ನುತ್ತೀರಿ, ಹೌದು. ಬಣ್ಣದ ಕಲ್ಲು, ಗುಳ್ಳೆ ಬಿಡುವ ಪ್ಲಾಸ್ಟಿಕ್ ಮೊಸಳೆಗೆ ಕೊಟ್ಟ ದುಡ್ಡಿನಲ್ಲಿ ಅದು ಬರುತ್ತಿತ್ತು. ಅವಸರ ಇರುವವರಿಗೆ ಒಂದೇ ಅಡ್ಡದಾರಿ: ಹಳೆಯ ತೊಟ್ಟಿಯ ಸ್ಪಂಜನ್ನು ಹೊಸ ತೊಟ್ಟಿಯಲ್ಲಿ ಹಿಂಡುವುದು. ನೀರು ಗಲೀಜಾಗಿ ಕಾಣುತ್ತದೆ. ಕಾಣಲಿ.

ಈಗ ನಿಮ್ಮ ಬಿಳಿ ನೀರಿಗೆ ಬರುತ್ತೇನೆ. ಹೊಸ ತೊಟ್ಟಿಯಲ್ಲಿ ಎರಡು ಮೂರು ದಿನಕ್ಕೆ ಹಾಲು ಬೆರೆಸಿದ ಹಾಗೆ ಬೆಳ್ಳಗಾಗುವುದು, ಕೊಳೆತ ಆಹಾರವನ್ನು ತಿಂದು ಒಮ್ಮೆಗೇ ಹೆಚ್ಚಿಕೊಂಡ ಬೇರೆ ಬ್ಯಾಕ್ಟೀರಿಯದಿಂದ. ಆಹಾರ ನಿಲ್ಲಿಸಿ, ಗಾಳಿಯ ಪಂಪು ಓಡಲಿ. ಒಂದು ವಾರದೊಳಗೆ ತಾನೇ ತಿಳಿಯಾಗುತ್ತದೆ. ನೀವು ನೀರು ಪೂರಾ ಬದಲಿಸಿದರೆ ಅದು ಮತ್ತೆ ಮೊದಲಿನಿಂದ ಶುರು. ಹಸಿರು ನೀರು ಬೇರೆ. ಅದು ಕಿಟಕಿಯ ಬಿಸಿಲಿನದೋ, ರಾತ್ರಿ ಹನ್ನೊಂದರ ತನಕ ಉರಿಯುವ ದೀಪದ್ದೋ ಫಲ. ಟ್ಯಾಂಕಿನ ದೀಪ ದಿನಕ್ಕೆ ಆರೇಳು ಗಂಟೆ ಸಾಕು. ಮೊದಲ ತಿಂಗಳಲ್ಲಿ ಗಾಜಿನ ಮೇಲೆ ಕಂದು ಪುಡಿ ಕೂತರೆ ಅದು ಡಯಾಟಮ್ ಎಂಬ ಪಾಚಿ. ಒರೆಸಬೇಡಿ, ಸಿಗಡಿಗೆ ಅದು ಊಟ. ಚಹಾದ ಬಣ್ಣ ಬಂದಿದ್ದರೆ ಒಣ ಎಲೆಯದೋ ಮರದ ತುಂಡಿನದೋ, ಅದರಿಂದ ಯಾವ ತೊಂದರೆಯೂ ಇಲ್ಲ. ಪಟಿಕ ಹಾಕಿದವರು ಕೇಳಿ: ಅದು ಕೆರೆಯ ಕೆಸರು ನೀರನ್ನು ತಿಳಿಯಾಗಿಸುವುದು ನಿಜ, ಜೊತೆಗೆ ನೀರಿನಲ್ಲಿರುವ ಬೈಕಾರ್ಬೊನೇಟನ್ನು ತಿಂದು ಹಾಕಿ ಪಿಎಚ್ ಕೆಳಗಿಳಿಸುತ್ತದೆ. ಕುಡಿಯುವ ಕೊಡಕ್ಕೆ ಸರಿ, ಸಿಗಡಿಗೆ ಅಲ್ಲ.

ಅಂದಹಾಗೆ, ಸಿಗಡಿ ಇದ್ದರೆ ತೊಟ್ಟಿ ತೊಳೆಯುವ ಕೆಲಸ ಇಲ್ಲ ಎಂದು ಯಾರೋ ನಿಮ್ಮಲ್ಲಿ ಕೆಲವರಿಗೆ ಹೇಳಿದ್ದಾರೆ. ಈ ನಂಬಿಕೆಗೆ ಒಂದು ಇತಿಹಾಸ ಇದೆ. ಜಪಾನಿನ ನೀಗಾಟದ ತಕಾಶಿ ಅಮಾನೊ ಎಂಬ ಛಾಯಾಗ್ರಾಹಕ (1954–2015), ನೀರೊಳಗೆ ಗಿಡ ಬೆಳೆಸಿ ತೋಟ ಮಾಡುವ ಕಲೆಗೆ ದೊಡ್ಡ ಹೆಸರು, 1980ರ ದಶಕದಲ್ಲಿ ತನ್ನ ತೊಟ್ಟಿಗಳ ಪಾಚಿ ತಿನ್ನಿಸಲು ಜಪಾನಿನ ಹೊಳೆಯ ಸಿಗಡಿಯೊಂದನ್ನು ಬಳಸಿ ಗೆದ್ದರು. ಅದಕ್ಕೆ ಈಗ ಅವರದೇ ಹೆಸರು, ಅಮಾನೊ ಸಿಗಡಿ. ಅದರ ಮರಿಗಳಿಗೆ ಉಪ್ಪು ನೀರು ಬೇಕಾದ್ದರಿಂದ ನಮ್ಮ ಮನೆಗಳಲ್ಲಿ ಸಂಸಾರ ಬೆಳೆಯುವುದಿಲ್ಲ. ನಿಮ್ಮ ಹತ್ತಿರ ಇರುವುದು ಅದಲ್ಲ. ತೈವಾನ್, ಚೀನಾ ಕಡೆಯ ನಿಯೋಕ್ಯಾರಿಡಿನಾ ಡೇವಿಡಿ. ಹುಟ್ಟೂರಿನ ಹಳ್ಳದಲ್ಲಿ ಅದರದು ಮಣ್ಣಿನ ಬಣ್ಣ, ಈ ಕೆಂಪು ಮನುಷ್ಯ ಆರಿಸಿ ಆರಿಸಿ ತಂದದ್ದು. ಹಳದಿ, ನೀಲಿ, ಕೆಂಪು ಎಲ್ಲ ಒಟ್ಟಿಗೆ ಬಿಟ್ಟರೆ ಕೆಲವು ತಲೆಮಾರಿನಲ್ಲಿ ಮತ್ತೆ ಮಣ್ಣಿನ ಬಣ್ಣಕ್ಕೇ ಬರುತ್ತವೆ. ಯಾವ ಜಾತಿಯಾದರೂ ಸಿಗಡಿ ಜಾಡಮಾಲಿ ಅಲ್ಲ. ಅದು ಪಾಚಿ ತಿಂದು ಹಿಕ್ಕೆ ಹಾಕುತ್ತದೆ, ಅಷ್ಟೇ.

ನೀರಿನ ವಿಷಯ ಸ್ವಲ್ಪ ಉದ್ದ, ಯಾಕೆಂದರೆ ಬೆಂಗಳೂರಿನಲ್ಲಿ ಸಿಗಡಿ ಸಾಯುವುದು ಹೆಚ್ಚಾಗಿ ಸಂಪಿನಿಂದ.

ನಮ್ಮ ಸಂಪಿಗೆ ಮೂರು ತಾಯಂದಿರು. ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿ ಎಂದು ಮೂರು ಕಡೆ ಪಂಪು ಮಾಡಿ ಸುಮಾರು ನೂರು ಕಿಲೋಮೀಟರ್ ದೂರದಿಂದ ಮೇಲೆ ಹತ್ತಿಸಿ ತರುವ ಕಾವೇರಿ ಒಬ್ಬಳು. ನಮ್ಮದೇ ಬೋರ್‌ವೆಲ್ ಇನ್ನೊಬ್ಬಳು. ಬೇಸಿಗೆಯಲ್ಲಿ ಎಲ್ಲಿಂದಲೋ ಬರುವ ಟ್ಯಾಂಕರ್ ಮೂರನೆಯವಳು. ಮೂವರ ಸ್ವಭಾವವೂ ಬೇರೆ. ನಾನು ನೀರಿನಲ್ಲಿ ಕರಗಿದ ಲವಣ ಅಳೆಯುವ ನಾನೂರು ರೂಪಾಯಿಯ ಟಿಡಿಎಸ್ ಮೀಟರ್ ಅದ್ದಿ ನೋಡಿದಾಗ ಕಾವೇರಿ ಬಂದ ದಿನ 180 ತೋರಿಸಿದ ಅದೇ ಅಡುಗೆಮನೆ ನಲ್ಲಿ, 2024ರ ಬೇಸಿಗೆಯಲ್ಲಿ ನೀರಿಗೆ ಹಾಹಾಕಾರ ಎದ್ದು ಟ್ಯಾಂಕರ್ ಹೊಡೆಸಿದ ದಿನ 720 ತೋರಿಸಿತು. ನಮಗೆ ಸ್ನಾನಕ್ಕೆ ಸೋಪು ನೊರೆ ಬರಲಿಲ್ಲ, ಅಷ್ಟೇ. ಸಿಗಡಿಗೆ ಅದು ಒಂದು ರಾತ್ರಿಯಲ್ಲಿ ಊರು ಬದಲಾದ ಹಾಗೆ.

ಚೆರ್ರಿ ಸಿಗಡಿಗೆ ಟಿಡಿಎಸ್ 150ರಿಂದ 300ರ ಒಳಗೆ ಇದ್ದರೆ ಹಿತ, ಪಿಎಚ್ ಆರೂವರೆಯಿಂದ ಏಳೂಮುಕ್ಕಾಲು. ಸ್ವಲ್ಪ ಆಚೀಚೆ ಆದರೂ ಹೊಂದಿಕೊಳ್ಳುತ್ತದೆ. ಹೊಂದಿಕೊಳ್ಳಲಾಗದ್ದು ದಿಢೀರ್ ಬದಲಾವಣೆಗೆ. ಲೆಕ್ಕ ಹಾಕಿ ನೋಡಿ. ನಿಮ್ಮದು ಒಂದೂವರೆ ಅಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ಟ್ಯಾಂಕು. ಘನ ಅಡಿಗೆ 28 ಲೀಟರಿನಂತೆ ಕಲ್ಲು ಗಿಲ್ಲು ಕಳೆದು 40 ಲೀಟರ್ ಅನ್ನಿ. ಒಳಗಿನ ನೀರು 200 ಇದೆ, ಹೊರಗಿನದು 700. ವಾರಕ್ಕೆ ನಾಲ್ಕು ಲೀಟರ್ ಬದಲಿಸಿದರೆ ತೊಟ್ಟಿ 250ಕ್ಕೆ ಹೋಗುತ್ತದೆ, ಸಿಗಡಿಗೆ ತಿಳಿಯುವುದೇ ಇಲ್ಲ. ನನ್ನ ಹಾಗೆ ಹಬ್ಬದ ಉತ್ಸಾಹದಲ್ಲಿ ಪೂರಾ ಬದಲಿಸಿದರೆ ಒಂದೇ ಏಟಿಗೆ 700. ಇಂಥ ಏಟು ಬಿದ್ದಾಗ ಸಿಗಡಿ ಹೊತ್ತಲ್ಲದ ಹೊತ್ತಿನಲ್ಲಿ ಪೊರೆ ಕಳಚಲು ಹೋಗಿ, ಅರ್ಧ ಕಳಚಿ, ಅಲ್ಲೇ ಸಿಕ್ಕಿಹಾಕಿಕೊಂಡು ಸಾಯುತ್ತದೆ. ಕುತ್ತಿಗೆಯ ಹಿಂದೆ ಮೈ ಸುತ್ತ ಬಿಳಿಯ ಉಂಗುರ ಕಂಡರೆ ಇದೇ.

ಆದ್ದರಿಂದ ಕಾವೇರಿ ಬಂದ ದಿನ ಇಪ್ಪತ್ತು ಲೀಟರಿನ ಕ್ಯಾನೊಂದನ್ನು ತುಂಬಿ ಇಡಿ. ಒಂದು ಹಗಲು ಒಂದು ರಾತ್ರಿ ಬಾಯಿ ತೆರೆದಿಟ್ಟರೆ ಕ್ಲೋರಿನ್ ಬಹುಪಾಲು ಹೋಗುತ್ತದೆ. ಧೈರ್ಯ ಸಾಲದವರು ಅಂಗಡಿಯ ಆಂಟಿ ಕ್ಲೋರಿನ್ ಎರಡು ಹನಿ ಬಿಡಲಿ. ಅದರಲ್ಲಿರುವುದು ಸಾಮಾನ್ಯವಾಗಿ ಹಳೆಯ ಫೋಟೋ ಸ್ಟುಡಿಯೋಗಳ ಹೈಪೋ. ವಾರಕ್ಕೊಮ್ಮೆ ಹತ್ತರಲ್ಲಿ ಒಂದು ಪಾಲು ತೆಗೆದು ಅಷ್ಟೇ ಸುರಿಯಿರಿ. ಸುರಿಯಿರಿ ಅಂದೆನಾ? ತಪ್ಪು, ಆಸ್ಪತ್ರೆಯ ಡ್ರಿಪ್ಪಿನ ಹಾಗೆ ಸಣ್ಣ ಪೈಪಿನಲ್ಲಿ ಹನಿಸಿ. ತೆಗೆದ ನೀರು ದಾಸವಾಳಕ್ಕೆ ಹಾಕಿ, ಅದು ನಿಮ್ಮನ್ನು ಹರಸುತ್ತದೆ. ಬೇಸಿಗೆಯಲ್ಲಿ ಆವಿಯಾಗಿ ಕಡಿಮೆಯಾದ ನೀರಿಗೆ ಮಾತ್ರ ಆರ್‌ಒ ನೀರು ಸೇರಿಸಿ, ಯಾಕೆಂದರೆ ಆವಿಯಾಗುವುದು ನೀರು, ಲವಣ ತೊಟ್ಟಿಯಲ್ಲೇ ಉಳಿಯುತ್ತದೆ. ಬರೀ ಆರ್‌ಒ ನೀರಿನಿಂದ ತೊಟ್ಟಿ ತುಂಬಬೇಡಿ. ಚಿಪ್ಪು ಕಟ್ಟಲು ಕ್ಯಾಲ್ಸಿಯಂ ಬೇಕು, ಅದರಲ್ಲಿ ಇಲ್ಲ. ಇನ್ನೊಂದು ಮುಖ್ಯ ಮಾತು, ಬೋರ್‌ವೆಲ್ ನೀರು ಕ್ಷಾರದ ಕಡೆ ಇದ್ದರೆ ಅಮೋನಿಯದ ಕಾಟವೂ ಹೆಚ್ಚು: ಪಿಎಚ್ 7ರಲ್ಲಿ ಇರುವುದಕ್ಕಿಂತ 8ರಲ್ಲಿ ಅದರ ವಿಷಭಾಗ ಸುಮಾರು ಹತ್ತು ಪಟ್ಟು.

ತಾಮ್ರ. ಇದನ್ನು ಬೇರೆಯೇ ಹೇಳಬೇಕು. ನಮ್ಮ ಮನೆಗಳಲ್ಲಿ ತಾಮ್ರದ ಚೊಂಬಿನ ನೀರು ಆರೋಗ್ಯಕ್ಕೆ ಒಳ್ಳೆಯದೆಂದು ಬೆಳಗ್ಗೆ ಎದ್ದು ಕುಡಿಯುವವರಿದ್ದಾರೆ. ಈಚೆಗೆ ಆರ್‌ಒ ಯಂತ್ರಗಳೂ ತಾಮ್ರ ಬೆರೆಸಿ ಕೊಡುತ್ತೇವೆ ಎಂದು ಹೆಮ್ಮೆಯಿಂದ ಹೇಳಿಕೊಳ್ಳುತ್ತವೆ. ಸಿಗಡಿಯ ರಕ್ತದಲ್ಲಿ ಆಮ್ಲಜನಕ ಹೊರುವುದು ತಾಮ್ರವೇ, ನಮ್ಮಲ್ಲಿ ಕಬ್ಬಿಣ ಹೊರುವ ಹಾಗೆ. ಆದರೂ ನೀರಿನಲ್ಲಿ ಅದು ಚೂರು ಹೆಚ್ಚಾದರೆ ಸಿಗಡಿಗೆ ವಿಷ. ಹಂಡೆಯ ನೀರು, ಗೀಸರಿನ ನೀರು, ತಾಮ್ರದ ಆರ್‌ಒ ನೀರು ಮೂರೂ ಬೇಡ. ಮೀನಿನ ಹುಣ್ಣಿಗೆ, ಬಿಳಿ ಚುಕ್ಕೆಗೆ ಅಂಗಡಿಯವರು ಕೊಡುವ ಔಷಧಿಗಳಲ್ಲಿ ಹಲವಕ್ಕೆ ತಾಮ್ರವೇ ಮೂಲ. ಬಾಟಲಿಯ ಹಿಂದಿನ ಅಕ್ಷರ ಓದದೆ ತೊಟ್ಟಿಗೆ ಒಂದು ಹನಿಯೂ ಬೇಡ.

ಹಾಗೇ ಸೊಳ್ಳೆ. ಎ ಬ್ಲಾಕಿನ ಎರಡನೇ ಮಹಡಿಯಲ್ಲಿ ಒಂದೇ ರಾತ್ರಿ ಎಂಟು ಸಿಗಡಿ ಮಗುಚಿಕೊಂಡು ಕಾಲು ಒದರುತ್ತಾ ಸತ್ತವು. ನೀರು ಪರೀಕ್ಷಿಸಿದೆ, ಎಲ್ಲ ಸರಿ ಇತ್ತು. ಆಮೇಲೆ ಕಣ್ಣಿಗೆ ಬಿತ್ತು: ಟ್ಯಾಂಕಿನ ಗಾಳಿಪಂಪು ಚುಚ್ಚಿದ್ದ ಸ್ವಿಚ್ ಬೋರ್ಡಿನ ಪಕ್ಕದ ತೂತಿನಲ್ಲೇ ಸೊಳ್ಳೆ ಓಡಿಸುವ ಲಿಕ್ವಿಡ್ ಮೆಷಿನ್. ಅದರಲ್ಲಿರುವುದು ಪೈರೆಥ್ರಾಯ್ಡ್ ಜಾತಿಯ ಕೀಟನಾಶಕ. ಸಿಗಡಿ ಅಂದರೆ ಕೀಟದ ದಾಯಾದಿ. ಸೊಳ್ಳೆಗೆ ತಾಗಿದ್ದು ಅದಕ್ಕೂ ತಾಗುತ್ತದೆ. ಮೇಲಾಗಿ ಆ ಪಂಪು ಕೋಣೆಯ ಗಾಳಿಯನ್ನು ಹೀರಿ ನೇರವಾಗಿ ನೀರಿಗೆ ತುಂಬುತ್ತಿತ್ತು. ಸೊಳ್ಳೆಬತ್ತಿ, ಜಿರಳೆಗೆ ಹೊಡೆಯುವ ಸ್ಪ್ರೇ, ಇರುವೆಗೆ ಎಳೆಯುವ ಸೀಮೆಸುಣ್ಣದ ಗೆರೆ ಎಲ್ಲಕ್ಕೂ ಇದೇ ಮಾತು. ಟ್ಯಾಂಕಿರುವ ಕೋಣೆಗೆ ಸೊಳ್ಳೆಪರದೆ ಕಟ್ಟಿ. ಬೀದಿಯಲ್ಲಿ ಹೊಗೆ ಬಿಡುವವರು ಬಂದ ಸದ್ದು ಕೇಳಿದ ತಕ್ಷಣ ಕಿಟಕಿ ಮುಚ್ಚಿ, ಪಂಪು ಅರ್ಧ ಗಂಟೆ ನಿಲ್ಲಿಸಿ, ಟ್ಯಾಂಕಿನ ಮೇಲೆ ಒದ್ದೆ ಬಟ್ಟೆ ಹಾಕಿ. ನರ್ಸರಿಯಿಂದ ತಂದ ನೀರುಗಿಡವನ್ನೂ ಒಂದು ವಾರ ಬಕೆಟಿನಲ್ಲಿಟ್ಟು, ದಿನಾ ನೀರು ಬದಲಿಸಿ, ಆಮೇಲೆ ಒಳಗೆ ಬಿಡಿ. ಅದಕ್ಕೆ ಏನು ಹೊಡೆದಿರುತ್ತಾರೋ ಯಾರು ಕಂಡರು.

ಊಟದ ವಿಷಯದಲ್ಲಿ ನಿಮ್ಮ ಪ್ರೀತಿಯೇ ಶತ್ರು. ಹತ್ತು ಸಿಗಡಿ ಸೇರಿ ಒಂದು ದಿನಕ್ಕೆ ಒಂದು ಸಾಸಿವೆ ಕಾಳಿನಷ್ಟು ತಿಂದರೆ ಹೆಚ್ಚು. ನೀವು ಚಿಟಿಕೆ ಚಿಟಿಕೆ ಹಾಕುತ್ತಿದ್ದೀರಿ. ವಾರಕ್ಕೆ ಎರಡು ಸಲ ಸಾಕು; ಎರಡು ಗಂಟೆಯಲ್ಲಿ ಮುಗಿಯದ್ದನ್ನು ಹೊರತೆಗೆಯಿರಿ. ಹೆಚ್ಚು ಹಾಕಿದರೆ ಮೊದಲು ಬರುವುದು ಬಸವನಹುಳು, ಅದರ ಹಿಂದೆ ಗಾಜಿನ ಮೇಲೆ ಜಾರುವ ಬಿಳಿ ಹುಳು. ತಲೆ ಬಾಣದ ತುದಿಯಂತೆ ತ್ರಿಕೋನವಾಗಿದ್ದು ಎರಡು ಕಣ್ಣು ಕಂಡರೆ ಅದು ಪ್ಲನೇರಿಯ, ಮರಿಗಳನ್ನು ಹಿಡಿದು ತಿನ್ನುತ್ತದೆ. ಬಸವನಹುಳು ನಿರುಪದ್ರವಿ, ಅದನ್ನು ಕೊಲ್ಲಬೇಡಿ, ಅದರ ಸಂತೆ ಸೇರಿದೆಯೆಂದರೆ ನೀವು ಹೆಚ್ಚು ಹಾಕುತ್ತಿದ್ದೀರಿ ಎಂದೇ ಲೆಕ್ಕ.

ಅಂಗಡಿಯ ಉಂಡೆಗಿಂತ ಒಳ್ಳೆಯದು ನಮ್ಮ ಬೀದಿಯಲ್ಲೇ ಪುಕ್ಕಟೆ ಬಿದ್ದಿದೆ. ಗಣಪತಿ ಗುಡಿಯ ಎದುರಿನ ಕಾಡುಬಾದಾಮಿ ಮರ ನೋಡಿದ್ದೀರಲ್ಲ, ತಟ್ಟೆಯಗಲದ ಎಲೆ, ಉದುರುವ ಮುಂಚೆ ಕೆಂಪಾಗುತ್ತದೆ. ತಾನಾಗಿ ಬಿದ್ದು ಒಣಗಿದ ಎಲೆ ಮಾತ್ರ ಆರಿಸಿ. ಹಸಿಯದನ್ನು ಕಿತ್ತು ಹಾಕಬೇಡಿ. ತೊಳೆದು, ಒಂದು ನಿಮಿಷ ಕುದಿನೀರಿನಲ್ಲಿ ಅದ್ದಿ, ಅರ್ಧ ಎಲೆ ತೊಟ್ಟಿಗೆ ಬಿಡಿ. ಪ್ರಪಂಚದ ಬೇರೆ ಕಡೆ ಇದೇ ಎಲೆಯನ್ನು ಪ್ಯಾಕೆಟ್ಟಿನಲ್ಲಿ ದುಡ್ಡು ಕೊಟ್ಟು ಕೊಳ್ಳುತ್ತಾರೆ. ನೀರಿಗೆ ತೆಳು ಚಹಾದ ಬಣ್ಣ ಬರುತ್ತದೆ. ನಾಲ್ಕೈದು ದಿನಕ್ಕೆ ಎಲೆಯ ಮೈಮೇಲೆ ಕಣ್ಣಿಗೆ ಕಾಣದ ಲೋಳೆ ಬೆಳೆಯುತ್ತದೆ. ಸಿಗಡಿಯ ನಿಜವಾದ ಊಟ ಅದೇ ಲೋಳೆ. ಎರಡು ತಿಂಗಳಲ್ಲಿ ಎಲೆಯ ಮೆದು ಭಾಗವೆಲ್ಲ ಹೋಗಿ ನರದ ಜಾಲರಿ ಉಳಿಯುತ್ತದೆ, ಜರಡಿಯ ಹಾಗೆ. ನನ್ನ ಪುಸ್ತಕಗಳಲ್ಲಿ ಅಂಥ ಏಳೆಂಟು ಜಾಲರಿಗಳಿವೆ. ಪಾಲಕ್ ಕೊಡುವುದಾದರೆ ಒಂದೇ ಎಲೆ, ಕುದಿಸಿ ಮೆತ್ತಗಾದದ್ದು, ಅದೂ ನಿಮ್ಮ ತಾರಸಿಯಲ್ಲಿ ಬೆಳೆದದ್ದಾದರೆ.

ಒಂದು ದಿನ ಟಿವಿ ಆರಿಸಿ ತೊಟ್ಟಿಯ ಮುಂದೆ ಅರ್ಧ ಗಂಟೆ ಕೂತು ನೋಡಿ. ಸಿಗಡಿಯ ಮುಂದಿನ ಎರಡು ಜೊತೆ ಕಾಲುಗಳ ತುದಿಯಲ್ಲಿ ಕುಂಚದಂಥ ಸಣ್ಣ ಕೂದಲಿನ ಕುಚ್ಚು ಇದೆ. ಅದರಿಂದ ಎಲೆಯನ್ನು ಗುಡಿಸಿ, ಬಾಯಿಗೆ, ಗುಡಿಸಿ, ಬಾಯಿಗೆ. ಬೀಡಿ ಕಟ್ಟುವವರ ಕೈಯ ಹಾಗೆ ನಿಲ್ಲುವುದೇ ಇಲ್ಲ. ಪೊರೆ ಬಿಡುವುದು ಕಾಣಬೇಕಾದರೆ ಅದೃಷ್ಟ ಬೇಕು, ನಾನು ಏಳು ವರ್ಷದಲ್ಲಿ ಮೂರು ಸಲ ನೋಡಿದ್ದೇನೆ. ಎರಡು ದಿನ ಊಟ ಬಿಟ್ಟು ಮೂಲೆ ಹಿಡಿದಿರುತ್ತದೆ. ಆಮೇಲೆ ಬೆನ್ನಿನ ಮೇಲೆ, ತಲೆಯ ಕವಚವೂ ಹೊಟ್ಟೆಯೂ ಸೇರುವಲ್ಲಿ, ಒಂದು ಬಿರುಕು. ಮೈ ಬಿಲ್ಲಿನಂತೆ ಬಗ್ಗುತ್ತದೆ, ಇನ್ನೊಂದು ಸಲ ಬಗ್ಗುತ್ತದೆ, ಫಕ್ಕನೆ ಒಂದು ನೆಗೆತ. ಹಿಂದೆ ಮೀಸೆಯ ಸಮೇತ, ಕಣ್ಣಿನ ಗೂಡಿನ ಸಮೇತ ಗಾಜಿನಂಥ ಖಾಲಿ ಸಿಗಡಿ ನಿಂತಿರುತ್ತದೆ. ಅದನ್ನು ನೋಡಿ "ಒಂದು ಸತ್ತಿದೆ ಅಂಕಲ್" ಎಂದು ರಾತ್ರಿ ಹತ್ತಕ್ಕೆ ಬಾಗಿಲು ಬಡಿದವರು ಯಾರೆಂದು ಹೇಳುವುದಿಲ್ಲ. ಬೆಳ್ಳಗೆ ಪಾರದರ್ಶಕವಾಗಿದ್ದರೆ ಪೊರೆ, ಗುಲಾಬಿಯಾಗಿ ಮಬ್ಬಾಗಿದ್ದರೆ ಹೆಣ. ಹೆಣವನ್ನು ತೆಗೆಯಿರಿ, ಪೊರೆಯನ್ನು ಬಿಡಿ. ಅದರ ಸುಣ್ಣವನ್ನು ಅವೇ ತಿಂದು ಮುಗಿಸುತ್ತವೆ.

ಹೆಣ್ಣು ಪೊರೆ ಬಿಟ್ಟ ದಿನ ಗಂಡುಗಳೆಲ್ಲ ಹುಚ್ಚು ಹಿಡಿದ ಹಾಗೆ ತೊಟ್ಟಿಯ ತುಂಬ ಈಜಾಡುತ್ತವೆ. ವಿಷ ತಾಗಿದಾಗಲೂ ಹೀಗೇ ಈಜುವುದರಿಂದ ಗಾಬರಿ ಸಹಜ. ಮೂಲೆಯಲ್ಲಿ ಹೊಸ ಪೊರೆ ಇದೆಯೇ ನೋಡಿ, ಇದ್ದರೆ ಮದುವೆ ಮನೆ. ಎರಡು ದಿನದಲ್ಲಿ ಅದರ ಬಾಲದ ಕೆಳಗೆ ಇಪ್ಪತ್ತು ಮೂವತ್ತು ಹಳದಿ ಮೊಟ್ಟೆ, ರಾಗಿ ಕಾಳಿನಂತೆ. ಮೂರು ನಾಲ್ಕು ವಾರ ಕಾಲಿನಿಂದ ಬೀಸಣಿಗೆ ಬೀಸುತ್ತಾ ಹೊತ್ತು ತಿರುಗುತ್ತದೆ. ಆ ದಿನಗಳಲ್ಲಿ ದಯವಿಟ್ಟು ಹಿಡಿದು ಬೇರೆ ತೊಟ್ಟಿಗೆ ಬಿಡಬೇಡಿ. ಮರಿಗಳು ಎರಡು ಮಿಲಿಮೀಟರಿನ ಪೂರ್ತಿ ಸಿಗಡಿಗಳಾಗಿಯೇ ಹುಟ್ಟುತ್ತವೆ. ಸ್ಪಂಜ್ ಫಿಲ್ಟರ್ ಇದ್ದರೆ ಉಳಿಯುತ್ತವೆ, ನೀರು ಜೋರಾಗಿ ಎಳೆಯುವ ಫಿಲ್ಟರ್ ಇದ್ದರೆ ಅದರೊಳಗೆ ಹೋಗುತ್ತವೆ. ಮೀನು? ಒಂದೂ ಬೇಡ. "ನಮ್ಮ ಗಪ್ಪಿ ತುಂಬ ಸಾಧು" ಎಂದವರ ತೊಟ್ಟಿಯಲ್ಲಿ ಆರು ತಿಂಗಳಾದರೂ ಒಂದು ಮರಿ ಕಂಡಿಲ್ಲ.

ಸೆಖೆಗೂ ಕರೆಂಟಿಗೂ ಎರಡೇ ಮಾತು. ಬೆಂಗಳೂರಿನ ಹವೆ ಇವುಗಳಿಗೆ ಹೇಳಿ ಮಾಡಿಸಿದ್ದು, ವರ್ಷದಲ್ಲಿ ಹತ್ತು ತಿಂಗಳು ಏನೂ ಮಾಡಬೇಕಿಲ್ಲ. ಏಪ್ರಿಲ್‌ನಲ್ಲಿ ನೀರು 30 ಡಿಗ್ರಿ ದಾಟಿದರೆ ಕಷ್ಟ: ಸಮುದ್ರಮಟ್ಟದ ಲೆಕ್ಕದಲ್ಲಿ 20 ಡಿಗ್ರಿಯ ಒಂದು ಲೀಟರ್ ನೀರು 9 ಮಿಲಿಗ್ರಾಂ ಆಮ್ಲಜನಕ ಹಿಡಿದರೆ 30 ಡಿಗ್ರಿಯದು ಏಳೂವರೆ ಮಾತ್ರ. ಮುಚ್ಚಳ ತೆಗೆದು ಟೇಬಲ್ ಫ್ಯಾನ್ ಗಾಳಿಯನ್ನು ನೀರಿನ ಮೇಲೆ ಬಿಡಿ. ಮಡಕೆ ತಣ್ಣಗಾಗುವ ಹಾಗೆ ಎರಡು ಮೂರು ಡಿಗ್ರಿ ಇಳಿಯುತ್ತದೆ. ಐಸ್ ಹಾಕಬೇಡಿ. ಕರೆಂಟು ಹೋದರೆ ಒಂದೆರಡು ಗಂಟೆ ಚಿಂತೆಯಿಲ್ಲ, ಹೆಚ್ಚಾದರೆ ಚೊಂಬಿನಲ್ಲಿ ನೀರೆತ್ತಿ ಎತ್ತರದಿಂದ ಸುರಿಯುತ್ತಾ ಕೂರಿ. ಚೊಂಬು ಸ್ಟೀಲಿನದಾಗಿರಲಿ.

ಕುಂದಾಪುರದ ನನ್ನ ಅಮ್ಮ ಮೊದಲ ಸಲ ಈ ತೊಟ್ಟಿ ನೋಡಿ ಕನ್ನಡಕ ಸರಿಮಾಡಿಕೊಂಡು ಕೇಳಿದ್ದು: "ಇಷ್ಟ್ ಸಣ್ಣ ಚಟ್ಲಿ ಎಂತ ಮಾಡೂಕೆ ಮಾರಾಯಾ? ಒಂದ್ ಸುಕ್ಕಕ್ಕೂ ಸಾಲ್ದ್." ಸಾಲುವುದಿಲ್ಲ ನಿಜ, ಆದರೆ ಹೆಚ್ಚುತ್ತವೆ. ಒಂದೊಂದರ ಆಯಸ್ಸು ಒಂದೆರಡು ವರ್ಷ, ಸಂಸಾರ ಮಾತ್ರ ಅಕ್ಷಯ. ಎಲ್ಲ ಸರಿಹೋದರೆ ನಿಮ್ಮ ಹತ್ತು ಬರುವ ವರ್ಷ ಇನ್ನೂರಾಗಬಹುದು. ಆಗ ಪಾಪ ಎಂದು ಕೆರೆಗೆ ಬಿಡುವ ಯೋಚನೆ ಬರುತ್ತದೆ, ನಮ್ಮ ಬಡಾವಣೆಯ ಹಿಂದೆಯೇ ಕೆರೆ ಇದೆಯಲ್ಲ. ಬಿಡಬೇಡಿ. ಜರ್ಮನಿಯಲ್ಲಿ ವಿದ್ಯುತ್ ಸ್ಥಾವರದ ಬಿಸಿನೀರು ಸೇರುವ ಗಿಲ್‌ಬಾಖ್ ಎಂಬ ತೊರೆಯಲ್ಲಿ ಇದೇ ಚೆರ್ರಿ ಸಿಗಡಿ ಯಾರೋ ಬಿಟ್ಟದ್ದು ನೆಲೆ ಕಂಡಿದೆ. ಹವಾಯಿಯ ಹೊಳೆಗಳಲ್ಲೂ ಹಬ್ಬಿದೆ. ಜರ್ಮನಿಯಂಥ ಚಳಿಯ ದೇಶದಲ್ಲೇ ಹೀಗಾದರೆ ನಮ್ಮಲ್ಲಿ ಅದಕ್ಕೆ ಅಡ್ಡಿ ಯಾವುದು? ನಮ್ಮ ಹೊಳೆಗಳಿಗೆ ಸ್ವಂತದ ಸಣ್ಣ ಸಿಗಡಿ ಜಾತಿಗಳಿವೆ, ಅವುಗಳ ಪಾಡಿಗೆ ಅವು ಇರಲಿ. ನಿಷೇಧವಿದ್ದರೂ ಆಫ್ರಿಕನ್ ಕ್ಯಾಟ್‌ಫಿಶ್ ನಮ್ಮ ಕೆರೆಗಳಿಗೆ ಹೇಗೆ ಬಂತು ಎಂಬುದನ್ನು ಮೀನು ಹಿಡಿಯುವವರನ್ನು ಕೇಳಿ.

ಹೆಚ್ಚಾದವನ್ನು ಇನ್ನೊಬ್ಬರಿಗೆ ಕೊಡಿ, ನನಗೆ ವಾಪಸು ತರಬೇಡಿ. ನಮ್ಮ ಮನೆಯಲ್ಲಿ ಈಗ ನಾಲ್ಕು ತೊಟ್ಟಿ ಆಗಿದೆ, ಐದನೆಯದು ಬಂದರೆ ತೊಟ್ಟಿಯ ಜೊತೆ ನನ್ನನ್ನೂ ಬಾಲ್ಕನಿಗೆ ಹಾಕುವುದಾಗಿ ಮನೆಯವಳು ಹೇಳಿದ್ದಾಳೆ.

ಬರುವ ಭಾನುವಾರ ಬೆಳಗ್ಗೆ ಹತ್ತಕ್ಕೆ ಸ್ಪಂಜು ಹಿಂಡುತ್ತೇನೆ, ತೊಟ್ಟಿಯದೇ ನೀರಿನಲ್ಲಿ. ಹೆಪ್ಪು ಬೇಕಾದವರು ಮುಚ್ಚಳ ಇರುವ ಬಾಟಲಿ ತನ್ನಿ. ಪಟಿಕ ಹಾಕಿದವರು ಮೊದಲು ಬನ್ನಿ.

ಇಂತಿ,
ಬಿ ಬ್ಲಾಕಿನ ಶ್ರಿಂಪ್ ಅಂಕಲ್